ಗಾದಿ ಹೊತ್ತ ಜೀಪು

ನಯಾಜ ಬೈಕಿನ ಮೇಲಿಂದ ಬಿದ್ದು ಭುಜದ ಎಲುಬು ಮುರಿದುಕೊಂಡ ಮೇಲೆ ಆ ಮನೆಯಲ್ಲಿ ಜೀಪಿನ ಮಾತು ಎದ್ದಿತು.

ಮುಂಡರಗಿಯಲ್ಲಿ ಅವನದು ಗಾದಿ ಅಂಗಡಿ. ಹತ್ತಿ ಹಿಂಜಿ, ಗಾದಿ, ತಲೆದಿಂಬು ಮಾಡಿ, ಸುತ್ತಲಿನ ಹಳ್ಳಿಗಳಿಗೆ ಬೈಕಿನ ಹಿಂದೆ ಕಟ್ಟಿಕೊಂಡು ಹೋಗಿ ಮುಟ್ಟಿಸಿ ಬರುತ್ತಿದ್ದ. ಗಾಳಿ ಬೀಸಿದರೆ ಗಾದಿ ಒಂದು ಕಡೆಗೆ, ಬೈಕು ಒಂದು ಕಡೆಗೆ. ಮಳೆಗಾಲದ ಒಂದು ದಿನ ಡಂಬಳದ ಹತ್ತಿರ ಆದದ್ದೂ ಅದೇ. ಗಾದಿಯ ಮೇಲೆಯೇ ಬಿದ್ದಿದ್ದಕ್ಕೆ ಜೀವ ಉಳಿಯಿತು ಎಂದು ಕಂಡವರೆಲ್ಲ ಹೇಳಿದರು. ಆ ಮಾತಿನಿಂದ ಅವನ ಹೆಂಡತಿ ಶಾಹಿಸ್ತಾಳಿಗೆ ಯಾವ ಸಮಾಧಾನವೂ ಆಗಲಿಲ್ಲ. ಅಂಗಡಿಯಲ್ಲಿ ಗಾದಿಯ ಕವರು ಹೊಲಿಯುವವಳು ಅವಳು. ಮಷೀನು ತುಳಿಯುವಾಗಲೆಲ್ಲ, ಈ ಕವರೇ ನಾಳೆ ಗಂಡನನ್ನು ಕೆಡವುತ್ತದೆ ಎಂದುಕೊಂಡು ಹೊಲಿಗೆ ತಪ್ಪಿಸುತ್ತಿದ್ದಳು.

ಒಂದು ಮಧ್ಯಾಹ್ನ ಗಂಡನಿಗೆ ರೊಟ್ಟಿ ಮುರಿದು ಪುಂಡಿಪಲ್ಯ ಹಚ್ಚಿ ಕೊಡುತ್ತ ಅಂದಳು: "ಹಿತ್ತಲದಾಗ ಜೀಪ ನಿಂತೈತಿ. ಹಿಂದಿನ ಮೈ ಕೊಯ್ಸಿ ತಗಡಿನ ತೊಟ್ಟಿ ಕೂಡಿಸಿದ್ರ ಗಾದಿ ಹೇರಾಕ ಬರೂದಿಲ್ಲೇನ್ರಿ?"

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅತ್ತೆ ಬೀಬಿಜಾನಳ ಕೈ ನಿಂತಿತು. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಮಾವ ಅಲ್ಲಾಸಾಬ ಬಾಗಿಲಲ್ಲಿ ಮುಖ ಹಾಕಿದ.

"ಬ್ಯಾಡವಾ," ಅಂದ. "ಅದರಾಗ ಮಂದಿ ಅದಾರ."

ಆ ಜೀಪನ್ನು ಅಲ್ಲಾಸಾಬ ಕೊಂಡದ್ದು ನೀರಾವರಿ ಇಲಾಖೆಯವರು ಹರಾಜಿಗೆ ಹಾಕಿದಾಗ. ನಾಲ್ಕೂ ಗಾಲಿ ಎಳೆಯುವಂಥದ್ದು. ಮಳೆ ಬಿದ್ದ ಎರೆಭೂಮಿಯಲ್ಲಿ ಬಂಡಿಯೂ ಹೂತು ನಿಲ್ಲುವ ದಾರಿಯನ್ನು ಅದು ಗುರುಗುಡುತ್ತ ಏರಿ ಹೋಗುತ್ತಿತ್ತು. ಮೊದಮೊದಲು ಸಂತೆಗೆ ಮಂದಿಯನ್ನು ಹೇರಿದ. ಒಂದು ಮಳೆಗಾಲ ಹಿರೇವಡ್ಡಟ್ಟಿಯ ಒಬ್ಬರ ಹೆಣವನ್ನು ಗದಗಿನ ದವಾಖಾನೆಯಿಂದ ತರಬೇಕಾಯಿತು. ಯಾವ ಗಾಡಿಯವನೂ ಬರಲು ಒಪ್ಪಲಿಲ್ಲ. ಅಲ್ಲಾಸಾಬ ಹೋದ. ಒಮ್ಮೆ ಹೋದವನನ್ನೇ ಮಂದಿ ಮತ್ತೆ ಮತ್ತೆ ಕರೆದರು. ಲಿಂಗವಂತರ ಮುದುಕರು, ಮುಸಲ್ಮಾನರ ಮಯ್ಯತ್ತು, ಹೆರಿಗೆಯಲ್ಲಿ ಹೋದ ಹುಡುಗಿಯರು, ಬೆಳೆಗೆ ಹೊಡೆಯುವ ವಿಷದ ಎಣ್ಣೆ ಕುಡಿದವರು, ಎಲ್ಲರೂ ಆ ಜೀಪಿನ ಹಿಂದಿನ ತಗಡಿನ ಮೇಲೆ ಮಲಗಿ ತಂತಮ್ಮ ಊರು ಮುಟ್ಟಿದರು. ಅದರ ಇಂಜಿನ್ನಿನ ಸದ್ದು ಬೇರೆ ಯಾವ ಗಾಡಿಗೂ ಇರಲಿಲ್ಲ. ಎರಡು ಸಲ ಕೆಮ್ಮಿ ಒಂದು ಸಲ ಉಸಿರು ನುಂಗಿದಂತೆ. ಊರ ಬಾಗಿಲ ಅಗಸಿಯಲ್ಲಿ ಆ ಸದ್ದು ಕೇಳಿದರೆ ಹೆಂಗಸರು ಕೈಯೊಳಗಿನ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು, ಯಾರ ಮನೆಯ ಮುಂದೆ ನಿಲ್ಲುತ್ತದೋ ಎಂದು. ತಮ್ಮ ಮನೆ ದಾಟಿತೆಂದರೆ ಉಸಿರು ಬಿಟ್ಟು, ಆಮೇಲೆ ಅಳಲು ಹೊರಡುತ್ತಿದ್ದರು.

ತಿರುಗಿ ಬಂದ ಜೀಪನ್ನು ತೊಳೆಯುವುದು ಬೀಬಿಜಾನಳ ಪಾಲಿಗೆ. ಬೇವಿನ ಸೊಪ್ಪು ಕುದಿಸಿದ ನೀರು ಹೊಯ್ದು, ಕಸಬರಿಗೆ ಹಿಡಿದು ತಿಕ್ಕುವಳು. ಶಾಹಿಸ್ತಾ ಸೊಸೆಯಾಗಿ ಬಂದ ಮರುದಿನ ಹಿತ್ತಲಿಗೆ ಹೋದಾಗ ಕಂಡದ್ದೇ ಅದು. ಅವತ್ತಿನಿಂದ ಅವಳು ಬಟ್ಟೆ ಒಣಹಾಕಲು ಹೋದರೂ ಜೀಪಿಗೆ ಬೆನ್ನು ಮಾಡಿಯೇ ನಿಲ್ಲುತ್ತಿದ್ದಳು. ಬೆನ್ನು ಮಾಡಿದರೆ ಇನ್ನೂ ಕೆಟ್ಟದು, ಯಾರೋ ಒಳಗೆ ಕೂತು ನೋಡಿದಂತೆ ಆಗುತ್ತಿತ್ತು. ಅಲ್ಲಾಸಾಬನ ಕಣ್ಣಿಗೆ ಪೊರೆ ಬಂದ ಮೇಲೆ ಜೀಪು ಬೇವಿನ ಗಿಡದ ಕೆಳಗೆ ನಿಂತುಬಿಟ್ಟಿತು. ಕೊಯ್ದು ಹಾಕಿದರೆ ಅದು ಬೇರೆಯೇ ಗಾಡಿಯಾಗುತ್ತದೆ, ಹಿತ್ತಲೂ ತಮ್ಮದಾಗುತ್ತದೆ ಎಂಬುದು ಶಾಹಿಸ್ತಾಳ ಎಣಿಕೆ.

"ಯಾವ ಮಂದಿ ಅಪ್ಪಾ?" ನಯಾಜ ಸಿಡುಕಿದ. "ಸತ್ತವ್ರು ಅವರವರ ಮಣ್ಣಿಗೆ ಹೋಗ್ಯಾರ. ನಾ ಒಬ್ಬವ ಇಲ್ಲೆ ಮುರುಕ ಕೈ ಹಿಡ್ಕೊಂಡು ಕುಂತೀನಿ."

"ಮಣ್ಣಿಗೆ ಮೈ ಹೋಗತೈತಿ. ದಾರ‍್ಯಾಗ ಏನ ಬಿಟ್ಟು ಹೋಗ್ಯಾರ ಅನ್ನೂದು ನಿನಗೇನು ಗೊತ್ತು?"

"ಹಂಗಾರ ಹೊಸಾ ಗಾಡಿ ನೀ ಕೊಡಸ್ತೀಯೇನು?"

ಆಗ ಯಾರೂ ಎಣಿಸದ ಕಡೆಯಿಂದ ಮಾತು ಬಂತು. ಬೀಬಿಜಾನ ಹಿಟ್ಟಿನ ಕೈ ಜಾಡಿಸಿ ಎದ್ದು ನಿಂತಿದ್ದಳು.

"ಕೊಯ್ಸಿ ಒಗೀರಿ. ಅದನ್ನ ತೊಳದು ತೊಳದು ನನ್ನ ಕೈ ವಾಸನಿ ಇನ್ನಾ ಹೋಗಿಲ್ಲ. ಊರ ಮಂದಿ ಹೆಣ ಹೊತ್ತಾಂವ ಅಂತ ನಿನಗ ಸಲಾಮ ಮಾಡ್ತಾರ. ನನ್ನ ಕೈಲೆ ಒಂದು ವಾಟಿ ನೀರು ಕುಡಿಯಾಕ ಹಿಂದ ಮುಂದ ನೋಡ್ತಾರ."

ಅಲ್ಲಾಸಾಬ ಹೆಂಡತಿಯ ಮುಖ ನೋಡಿದ. ಇಷ್ಟು ವರ್ಷ ಅವಳು ಈ ಮಾತು ಆಡಿರಲಿಲ್ಲ. "ಆತು," ಅಂದ. "ಕೊಯ್ಯೂ ಮುಂದ ನಾ ಅಲ್ಲೇ ಇರ್ತೀನಿ."

ಬೆಟಗೇರಿಯ ಗವಿಸಿದ್ದೇಶನ ಗ್ಯಾರೇಜಿನಲ್ಲಿ ಕೆಲಸಕ್ಕೆ ಕೊಟ್ಟರು. ಕವರಿನ ಬಟ್ಟೆ ತರುವುದಿದ್ದುದರಿಂದ ಶಾಹಿಸ್ತಾಳೂ ಹೋದಳು. ಗವಿಸಿದ್ದೇಶ ಮೇಲಿನ ಹುಡ್ ಕಿತ್ತ, ಎರಡೂ ಮಗ್ಗುಲಿನ ಉದ್ದನೆಯ ಸೀಟು ಬಿಚ್ಚಿದ, ಡ್ರೈವರನ ಬೆನ್ನ ಹಿಂದಕ್ಕೆ ಗೆರೆ ಎಳೆದು ಕಟರ್ ಹಿಡಿದ. ಕಿಡಿ ಹಾರಿದವು. ಅಲ್ಲಾಸಾಬ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಕಣ್ಣಿಗೆ ಸರಿಯಾಗಿ ಕಾಣದಿದ್ದರೂ ಅತ್ತಲೇ ದಿಟ್ಟಿಸುತ್ತಿದ್ದ.

ತುಕ್ಕು ಹಿಡಿದ ತಳದ ತಗಡು ಎತ್ತಿದಾಗ ಅದರ ಕೆಳಗೆ ಸಂದಿಯಲ್ಲಿ ಮಣ್ಣಿನ ಜೊತೆ ಏನೇನೋ ಸಿಕ್ಕವು. ಹಸಿರು ಬಳೆಯ ಚೂರು, ಒಣಗಿ ಕರಿದಾದ ಹೂವಿನ ಎಸಳು, ಅಂಗಿಯ ಗುಂಡಿ, ಕೂಸಿನ ಕೈಗೆ ಕಟ್ಟುವ ಕರಿಮಣಿ.

"ಯಜಮಾನ್ರ, ಇದನ್ನೆಲ್ಲಾ ಕಸಕ್ಕ ಹಾಕಲೇನ್ರಿ?" ಗವಿಸಿದ್ದೇಶ ಕೇಳಿದ.

"ಕಸ ಅಲ್ಲಪಾ ಅದು," ಎಂದು ಅಲ್ಲಾಸಾಬ ಹೆಗಲ ವಸ್ತ್ರ ಹಾಸಿದ. ತಡವರಿಸುವ ಬೆರಳಿಂದ ಒಂದೊಂದನ್ನೇ ಆರಿಸಿ ಇಟ್ಟುಕೊಂಡ. ಕರಿಮಣಿ ಕೈಗೆ ಬಂದಾಗ ಬೆರಳು ಬಹಳ ಹೊತ್ತು ಅಲ್ಲೇ ನಿಂತಿತು. ಶಾಹಿಸ್ತಾ ಮುಖ ತಿರುಗಿಸಿಕೊಂಡಳು.

ಆ ಗಂಟನ್ನು ಬೀಬಿಜಾನ ಹೊಸ್ತಿಲು ದಾಟಿಸಗೊಡಲಿಲ್ಲ. ಮುದುಕ ಮಾತು ಬೆಳೆಸದೆ ಮರುದಿನ ಮುಂಜಾನೆ ಅದನ್ನು ಹಿಡಿದು ಬಸ್ಸು ಹತ್ತಿ ಹೊಳೆಗೆ ಹೋದ. ಸಂಜೆ ಹಸಿ ವಸ್ತ್ರ ಹೆಗಲ ಮೇಲೆ ಹಾಕಿಕೊಂಡು ತಿರುಗಿ ಬಂದು, ಉಣ್ಣದೆ ಮಲಗಿದ.

ಕಾಗದಪತ್ರ ಮುಗಿಸಿಕೊಂಡು ಪಿಕಪ್ ಆದ ಜೀಪು ಮನೆಗೆ ಬಂದಾಗ ಶಾಹಿಸ್ತಾಳ ಮಗಳು ಮುಮ್ತಾಜ ಕೇಕೆ ಹಾಕಿದಳು. ಗಿಣಿ ಹಸಿರು ಬಣ್ಣ, ಹಿಂದೆ ಅಗಲವಾದ ತೊಟ್ಟಿ, ಮುಚ್ಚಿ ತೆರೆಯುವ ಬಾಗಿಲು, ಎರಡೂ ಮಗ್ಗುಲಿಗೆ ಅಂಗಡಿಯ ಹೆಸರು. ಶಾಹಿಸ್ತಾ ಅದರ ಸುತ್ತ ಒಂದು ಸುತ್ತು ಬಂದಳು. ಹಳೆಯದರ ಗುರುತೇ ಇಲ್ಲ ಅನ್ನಿಸಿತು. ಭುಜ ವಾಸಿಯಾಗಿದ್ದ ನಯಾಜ ಕೀಲಿ ತಿರುಗಿಸಿದ. ಎರಡು ಸಲ ಕೆಮ್ಮಿ, ಒಂದು ಸಲ ಉಸಿರು ನುಂಗಿ, ಇಂಜಿನ್ನು ಎದ್ದಿತು. ಓಣಿಯಲ್ಲಿ ಮೂರ‍್ನಾಲ್ಕು ಬಾಗಿಲು ತೆರೆದವು.

ಮೊದಲ ಕೆಲವು ವಾರ ಧಂದೆ ಚಲೋ ನಡೆಯಿತು. ಬೈಕಿನ ಮೇಲೆ ವಾರವೆಲ್ಲ ತಿರುಗುತ್ತಿದ್ದದ್ದು ಒಂದೇ ದಿನದಲ್ಲಿ ಮುಗಿಯುತ್ತಿತ್ತು. ಒಪ್ಪತ್ತು ಮಾತ್ರ ಬೇಯುತ್ತಿದ್ದ ಅನ್ನ ಎರಡು ಹೊತ್ತಿಗಾಯಿತು. ಮನೆಯ ಊಟದಲ್ಲಿ ನಗು ಬಂತು. ಶಾಹಿಸ್ತಾ ಗಂಡನ ಮಗ್ಗುಲಲ್ಲಿ ಕೂತು ಹೋಗತೊಡಗಿದಳು. ಗಾಡಿ ಖಾಲಿ ಇದ್ದಾಗ ಮಾತ್ರ ಅವಳಿಗೆ ಕತ್ತು ಹಿಂದಕ್ಕೆ ತಿರುಗುತ್ತಿರಲಿಲ್ಲ. ಬೆನ್ನ ಹಿಂದಿನ ಗಾಜಿನ ಆಚೆ ಏನೋ ಭಾರ ಇದ್ದಂತೆ, ಅದು ತಿರುವಿನಲ್ಲಿ ತನ್ನ ಕಡೆಗೆ ವಾಲಿದಂತೆ ಅನಿಸುತ್ತಿತ್ತು.

ಹಿರೇವಡ್ಡಟ್ಟಿಯ ಅಂದಪ್ಪನ ಮಗಳ ಲಗ್ನಕ್ಕೆ ಗಾದಿ, ದಿಂಬು ಕೊಡುವುದಿತ್ತು. ತೊಟ್ಟಿಯ ತುಂಬ ಹೇರಿಕೊಂಡು ಗಂಡ ಹೆಂಡತಿ ಹೊರಟರು. ಅಗಸಿ ದಾಟಿ ಓಣಿಗೆ ಹೊರಳುತ್ತಲೇ ಒಂದು ಮನೆಯಿಂದ ಮುದುಕಿಯೊಬ್ಬಳು ಸೆರಗು ಬಿದ್ದದ್ದೂ ಅರಿವಿಲ್ಲದೆ ಓಡಿ ಬಂದು ಗಾಡಿಗೆ ಅಡ್ಡ ನಿಂತಳು.

"ಬಂದೇನೋ ನನ್ನಪ್ಪಾ! ನಿನ್ನೂ ಇದರಾಗ ತಂದ್ರೇನೋ!" ಎಂದು ಎದೆ ಎದೆ ಬಡಿದುಕೊಂಡಳು. "ನಿಮ್ಮಪ್ಪನ್ನ ತಂದದ್ದು ಸಾಲಲಿಲ್ಲೇನೋ ಕೊಟ್ರೇಶಾ!"

ಅವಳು ಅನ್ನಪೂರ್ಣವ್ವ. ಅವಳ ಗಂಡ ಬಂದದ್ದು ಈ ಜೀಪಿನಲ್ಲೇ. ಮಗ ಕೊಟ್ರೇಶ ಆ ಮುಂಜಾನೆ ಗದಗಿನ ಮಾರ್ಕೆಟ್ಟಿಗೆ ಹೋದವನು ಇನ್ನೂ ಬಂದಿರಲಿಲ್ಲ. ಶಾಹಿಸ್ತಾ ಇಳಿದು ಹೋಗಿ ಅವಳ ರಟ್ಟೆ ಹಿಡಿದಳು.

"ಅವ್ವಾ, ಗಾದಿ ಅದಾವ್ರಿ. ನೋಡ್ರಿ, ಗಾದಿ. ಬ್ಯಾರೆ ಏನಿಲ್ಲ."

ಮುದುಕಿ ಕೈ ಹಾಕಿ ಗಾದಿಗಳ ನಡುವೆ ಹುಡುಕತೊಡಗಿದಳು. ಒಂದನ್ನು ಎತ್ತಿ, ಇನ್ನೊಂದನ್ನು ಎಳೆದು, ಕೆಳಗೆ ಮಗ ಇದ್ದಾನೆಂಬಂತೆ. ಅಷ್ಟರಲ್ಲಿ ಅವಳ ಸೊಸೆ ಕಾಂಚನಾ ಬಂದು ಎಳೆದುಕೊಂಡಳು. ಬೈಕಿನಲ್ಲಿ ಆಗತಾನೇ ಬಂದ ಕೊಟ್ರೇಶ ತಾಯಿಯನ್ನು ಆ ಸ್ಥಿತಿಯಲ್ಲಿ ಕಂಡು ಕೆಂಡವಾದ.

"ಬಣ್ಣಾ ಹಚ್ಚಿದ್ರ ಗೊತ್ತಾಗೂದಿಲ್ಲಂತ ಮಾಡೀಯೇನು? ಹೆಣದ ಜೀಪಿನ್ಯಾಗ ಗಾದಿ ತರ್ತೀಯಾ? ಇನ್ನೊಮ್ಮಿ ಈ ಓಣ್ಯಾಗ ಬಂದ್ರ ನೋಡು ಮತ್ತ!"

ಗದ್ದಲ ಕೇಳಿ ಲಗ್ನದ ಮನೆಯವರೂ ಬಂದು ನಿಂತಿದ್ದರು. ಅಂದಪ್ಪ ಗಾಡಿಯ ಮೂತಿ ನೋಡಿದ, ಸದ್ದು ಕೇಳಿದ, ಕೈ ಮುಗಿದ. "ಇಳಸಬ್ಯಾಡ ತಮ್ಮಾ. ಹೊಸಾ ಮದುಮಕ್ಕಳು ಮಲಗೂದು. ಸಿಟ್ಟ ಮಾಡ್ಕೋಬ್ಯಾಡ."

ಹೇರಿದ್ದೆಲ್ಲ ಹಾಗೇ ತಿರುಗಿ ಬಂತು. ಸುದ್ದಿ ಗಾಡಿಗಿಂತ ಮುಂಚೆ ಊರೂರು ಮುಟ್ಟಿತು. ಹೇಳಿಟ್ಟಿದ್ದವರು ಬೇಡ ಅಂದರು. ಅಂಗಡಿಗೆ ಬಂದವರು ಮುಂಗಡ ಕೊಡುವ ಮುಂಚೆ "ಮನಿಗೆ ಹೆಂಗ ಕಳಸ್ತೀರಿ?" ಎಂದು ಕೇಳಿ ಎದ್ದು ಹೋಗತೊಡಗಿದರು. ಮುಮ್ತಾಜ ಶಾಲೆಯಿಂದ ಬಂದು ಡಬ್ಬಿ ಇಳಿಸಿ, "ನನ್ನ ಮಗ್ಗಲದಾಗ ಯಾರೂ ಕುಂಡ್ರವಲ್ರು, ಹೆಣದ ಗಾಡಿ ಹುಡಗಿ ಅಂತಾರ" ಅಂದಳು. ಡಬ್ಬಿಯಲ್ಲಿ ಅನ್ನ ಹಾಗೇ ಇತ್ತು.

ಆ ದಿನ ಊಟಕ್ಕೆ ಕೂತಾಗ ನಯಾಜ ತಟ್ಟೆ ದೂಡಿದ. "ಅಪ್ಪಾ, ನೀ ಪುಣ್ಯಾ ಗಳಸಿದಿ. ಅದು ನನ್ನ ಹೊಟ್ಟಿ ಮ್ಯಾಲ ಕುಂತೈತಿ."

"ನಾ ಪುಣ್ಯಾಕ್ಕ ಹೋಗಿಲ್ಲಪಾ. ಕರದ್ರು, ಹ್ವಾದೆ."

"ಯಾಕ ಹೋಗಬೇಕಿತ್ತು? ಊರಾಗ ಬ್ಯಾರೆ ಯಾರೂ ಇರಲಿಲ್ಲೇನು?"

"ಇರಲಿಲ್ಲ," ಅಂದ ಅಲ್ಲಾಸಾಬ. ತುತ್ತು ಕೈಯಲ್ಲೇ ಇತ್ತು. "ಖರೇನ ಯಾರೂ ಇರಲಿಲ್ಲ."

ಬೀಬಿಜಾನ ಎದ್ದು ಹೋಗಿ ದೂಡಿದ ತಟ್ಟೆಯನ್ನು ಮಗನ ಮುಂದೆ ತಿರುಗಿ ಇಟ್ಟಳು.

ಅದಾದ ಮೇಲೆ ಶಾಹಿಸ್ತಾಳಿಗೆ ಇನ್ನೊಂದು ಕಾಟ ಶುರುವಾಯಿತು. ತಿರುಗಿ ಬಂದ ಗಾದಿಗಳಲ್ಲಿ ಒಂದೆರಡನ್ನು ಬಿಸಿಲು ಕಾಯಲಿ ಎಂದು ಗಾಡಿಯ ತೊಟ್ಟಿಯಲ್ಲೇ ಹರವಿದ್ದಳು. ಸಂಜೆ ತೆಗೆಯಲು ಹೋದರೆ ಮೇಲಿನ ಗಾದಿ ಒಬ್ಬ ಮನುಷ್ಯನ ಉದ್ದಕ್ಕೆ ತಗ್ಗು ಬಿದ್ದಿತ್ತು. ತಲೆ ಇಟ್ಟಲ್ಲಿ ಸಣ್ಣ ತಗ್ಗು, ಕೆಳಗೆ ಉದ್ದಕ್ಕೆ. ಬಡಿದು ಸರಿ ಮಾಡಿದಳು. ಮರುದಿನವೂ ಹಾಗೇ. "ಬೆಕ್ಕ ಮಲಗಿರಬೇಕು" ಅಂದ ನಯಾಜ. ಇಷ್ಟು ಉದ್ದದ ಬೆಕ್ಕು ಯಾವುದು? ಅವಳು ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಗಾಡಿ ಕೊಯ್ಸೋಣ ಎಂದವಳು ತಾನೇ ಎಂದು ನೆನಪಾಗುತ್ತಿತ್ತು.

ಮೂರನೆಯ ಮಧ್ಯಾಹ್ನ ಅಂಗಡಿಯಿಂದ ಬೇಗ ಬಂದು ಹಿತ್ತಲಿಗೆ ಕಾಲಿಟ್ಟಳು. ತೊಟ್ಟಿಯಲ್ಲಿ ಗಾದಿಯ ಮೇಲೆ ಅಲ್ಲಾಸಾಬ ನೆಟ್ಟಗೆ ಮಲಗಿದ್ದ. ಕೈ ಎರಡೂ ಮಗ್ಗುಲಿಗೆ, ಮುಖ ಆಕಾಶಕ್ಕೆ.

"ಮಾವಾ!"

"ಅಂಜಬ್ಯಾಡವಾ, ಇನ್ನಾ ಅದೀನಿ," ಎಂದು ಅವನು ಎದ್ದು ಕೂತ. "ಎಷ್ಟೋ ಮಂದೀನ ಮಲಗಿಸಿದೆ. ನಾ ಒಮ್ಮೆರೆ ಮಲಗಿದ್ದಿಲ್ಲ. ಹೆಂಗ ಅನಸ್ತಿತ್ತು ಅವರಿಗೆ ಅಂತ ನೋಡಾಕ ಬಂದೆ."

ಶಾಹಿಸ್ತಾ ಬೇವಿನ ಗಿಡಕ್ಕೆ ಆತು ನಿಂತಳು. ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದಳು: "ತಗಡ ಬದಲಿ ಆತು, ಬಣ್ಣ ಬದಲಿ ಆತು. ಇನ್ನಾ ಅದಾರೇನ್ರಿ ಅವರು?"

"ಅದಾರ," ಅಂದ ಮುದುಕ, ನೆರೆಮನೆಯವರ ಮಾತು ಹೇಳುವಂತೆ. "ನಿನಗೂ ಗೊತ್ತೈತಲ್ಲವಾ. ನೀ ಹಿಂದ ಹೊಳ್ಳಿ ನೋಡೂದಿಲ್ಲ."

ದೀಪಾವಳಿ ಆದ ಮೇಲೆ ಒಂದು ದಾರಿ ಕಂಡಿತು. ಲಕ್ಷ್ಮೇಶ್ವರದ ಒಂದು ಹಾಸ್ಟೆಲ್ಲಿನವರು ಹುಡುಗರಿಗೆ ಗಾದಿ ಬೇಕೆಂದು ಹೇಳಿ ಕಳಿಸಿದರು. ಆ ಸೀಮೆಯಲ್ಲಿ ಈ ಗಾಡಿಯ ಗುರುತು ಯಾರಿಗೂ ಇಲ್ಲ. ನಯಾಜ, ಶಾಹಿಸ್ತಾ ಗದಗಿಗೆ ಹೋಗಿ ತೊಟ್ಟಿ ತುಂಬ ಹತ್ತಿ, ಪಟ್ಟಾಪಟ್ಟಿ ಬಟ್ಟೆಯ ಸುರುಳಿ ಹೇರಿಸಿದರು. ಇನ್ನೇನು ಹೊರಡಬೇಕು, ಫೋನು ಬಂತು. ಕೊಟ್ರೇಶ.

"ಅಣ್ಣಾ, ಅವ್ವ ಹೋದ್ಲು," ಅಂದ. "ದವಾಖಾನ್ಯಾಗ ಅದೀನಿ. ಅಂಬುಲೆನ್ಸ ಹೊರಗ ಹೋಗ್ಯಾವಂತ, ಯಾವಾಗ ಬರ್ತಾವ ಗೊತ್ತಿಲ್ಲ. ಮೈ ಬಿರಸಾಗೂದ್ರಾಗ ಊರ ಮುಟ್ಟಬೇಕು. ಇಲ್ಲಾಂದ್ರ ಕುಂದ್ರಸಾಕ ಬರೂದಿಲ್ಲ. ಆವತ್ತು ಬೈದೆ ನಾ. ಏನ ಬೇಕಾದ್ದ ಅನ್ನು, ಬಾ."

ಲಿಂಗವಂತರಲ್ಲಿ ಹೋದವರನ್ನು ಕೂರಿಸಿಯೇ ಮಣ್ಣು ಮಾಡಬೇಕು. ಅದು ನಯಾಜನಿಗೂ ಗೊತ್ತು. "ಗಾಡಿ ತುಂಬೈತಿ, ಆಗೂದಿಲ್ಲಪಾ" ಎಂದು ಫೋನು ಇಟ್ಟ. ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು ಕೂತ.

"ಇವತ್ತ ಒಂದು ಹೆಣ ಹೊತ್ತರ ಲಕ್ಷ್ಮೇಶ್ವರಕ್ಕೂ ಸುದ್ದಿ ಹೋಗತೈತಿ," ಅಂದ ಹೆಂಡತಿಯ ಕಡೆ ನೋಡದೆ. "ನಾಳೆ ನಮ್ಮ ಗಾದಿ ಯಾರು ತಗೊಂಡಾರು?"

ಶಾಹಿಸ್ತಾಳ ಕಣ್ಣಿಗೆ ಗಾದಿಗಳ ನಡುವೆ ಮಗನನ್ನು ಹುಡುಕುತ್ತಿದ್ದ ಆ ಕೈ ಕಟ್ಟಿತು. "ಬೆಟಗೇರಿಗೆ ಹೊಳ್ಳಸ್ರಿ," ಅಂದಳು. "ಹತ್ತಿ ಗವಿಸಿದ್ದೇಶಣ್ಣನ ಗ್ಯಾರೇಜಿನ್ಯಾಗ ಇಳಸೂಣು."

"ನೀನ ಹೇಳಾಕತ್ತೀಯೇನು?"

"ಹೂಂ, ನಾನ. ಯಾರೂ ಇಲ್ಲಂತ ಕರದಾನ. ಹೊಳ್ಳಸ್ರಿ."

ಮಧ್ಯಾಹ್ನದ ಬಿಸಿಲಿಗೆ ತೊಟ್ಟಿಯ ತಗಡು ಕಾದಿತ್ತು. ದವಾಖಾನೆಯ ಹಿಂಬಾಗಿಲಲ್ಲಿ ಶಾಹಿಸ್ತಾ ಮೇಲೆ ಹತ್ತಿ, ಉಳಿಸಿಕೊಂಡ ಒಂದಿಷ್ಟು ಹತ್ತಿ ಹರವಿ, ಅದರ ಮೇಲೆ ಹೊಸ ಬಟ್ಟೆ ಹಾಸಿದಳು. ಅನ್ನಪೂರ್ಣವ್ವನನ್ನು ಮಲಗಿಸಿದರು. ಕೊಟ್ರೇಶ ತಾಯಿಯ ಕಾಲು ಹಿಡಿದು ಕೂತವನು ಮೇಲೇಳಲಿಲ್ಲ. ಇಂಜಿನ್ನು ಎದ್ದ ಅದುರಿಗೆ ಮುದುಕಿಯ ತಲೆ ಒಂದು ಮಗ್ಗುಲಿಗೆ ಹೊರಳಿತು. ಹಿಡಿಯಲು ಬೇರೆ ಯಾರೂ ಇರಲಿಲ್ಲ. ಶಾಹಿಸ್ತಾ ಮುಂದೆ ಹೋಗಿ ಕೂರದೆ, ಆ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ಕೂದಲಿಗೆ ಯಾರೋ ಮುಂಜಾನೆ ಎಣ್ಣೆ ಹಚ್ಚಿ ಬಾಚಿದ್ದರು. ಇನ್ನೂ ಕೊಬ್ಬರಿ ಎಣ್ಣೆಯ ವಾಸನೆ ಇತ್ತು. ಡಂಬಳದ ದಾರಿಯುದ್ದಕ್ಕೂ ನಯಾಜ ತಗ್ಗು ತಪ್ಪಿಸಿ, ಹಂಪ್ಸ್ ಬಂದಲ್ಲಿ ನಿಂತು, ಗಾಲಿಯನ್ನು ಒಂದೊಂದಾಗಿ ಇಳಿಸಿದ. ಶಾಹಿಸ್ತಾಳಿಗೆ ಹೆದರಿಕೆ ಇತ್ತು. ಇಷ್ಟು ದಿನ ಗಾಜಿನ ಆಚೆ ವಾಲುತ್ತಿದ್ದ ಭಾರ ಈಗ ತೊಡೆಯ ಮೇಲಿತ್ತು. ಆದರೆ ಅದಕ್ಕೊಂದು ಮುಖವಿತ್ತು, ಹೆಸರಿತ್ತು. ಹಣೆಯ ಮೇಲೆ ಬಿಸಿಲು ಬಿದ್ದಾಗ ಅವಳು ಸೆರಗು ಅಡ್ಡ ಹಿಡಿದಳು.

ಹಿರೇವಡ್ಡಟ್ಟಿಯ ಅಗಸಿಯಲ್ಲಿ ಸದ್ದು ಕೇಳುತ್ತಲೇ ಬಾಗಿಲು ಬಾಗಿಲಲ್ಲಿ ಹೆಂಗಸರು ನಿಂತರು. ಗಾಡಿ ಅನ್ನಪೂರ್ಣವ್ವನ ಮನೆಯ ಮುಂದೆ ನಿಂತಿತು. ಅಳು ಎದ್ದಿತು. ಇಳಿಸಿಕೊಂಡರು, ಒಳಗೆ ಒಯ್ದು ಗೋಡೆಗೆ ಆನಿಸಿ ಕೂರಿಸಿದರು. ಮೈ ಇನ್ನೂ ಬಿರುಸಾಗಿರಲಿಲ್ಲ, ಮಾತು ಕೇಳಿತು. ಕಾಂಚನಾ ಕಣ್ಣೊರೆಸಿಕೊಳ್ಳುತ್ತ ಕೊಡ ತಂದು ಶಾಹಿಸ್ತಾಳ ಕೈಗೆ ನೀರು ಹಾಕಿದಳು. ಆಮೇಲೆ ಒಳಗೆ ಹೋಗಿ ಚರಿಗೆಯಲ್ಲಿ ಕುಡಿಯುವ ನೀರನ್ನೂ ತಂದುಕೊಟ್ಟಳು.

ಹೊರಡುವಾಗ ಅಂದಪ್ಪ ಗಾಡಿಯ ಹತ್ತಿರ ಬಂದ. "ತಮ್ಮಾ, ಚಲೋ ಮಾಡಿದಿ. ನಿಮ್ಮಪ್ಪನ ಮಗಾ ಅನಿಸಿದಿ. ಆದ್ರ ಗಾದಿ ಮಾತ್ರ ನಮ್ಮೂರಿಗೆ ತರಬ್ಯಾಡ. ಗಾಡಿ ಕರದಾಗ ಬಾ. ಬ್ಯಾಸರ ಮಾಡ್ಕೋಬ್ಯಾಡ."

ನಯಾಜ ಬಾಯಿ ತೆರೆಯುವ ಮುಂಚೆ ಶಾಹಿಸ್ತಾ ಅಂದಳು: "ಕರದಾಗ ಬರ್ತೀವ್ರಿ. ಗಾದಿ ಎಲ್ಲೆರೆ ಮಾರ್ತೀವಿ."

ಮನೆಗೆ ಬಂದಾಗ ಬೀಬಿಜಾನ ಹೆಣ ಹೊತ್ತ ಸುದ್ದಿ ಮುಂಚೆಯೇ ತಿಳಿದು ಬೇವಿನ ನೀರು ಕಾಯಿಸಿಟ್ಟಿದ್ದಳು. ಬಯ್ಯುತ್ತಾಳೆ ಎಂದುಕೊಂಡರೆ ಬಯ್ಯಲಿಲ್ಲ. ಶಾಹಿಸ್ತಾ ಕಸಬರಿಗೆಗೆ ಕೈ ಚಾಚಿದಳು. "ನೀ ಮೊದಲ ಜಳಕಾ ಮಾಡ ಹೋಗ," ಎಂದು ಅತ್ತೆ ಕೊಡಲೊಲ್ಲಳು. ಕೊನೆಗೆ ಇಬ್ಬರೂ ಸೇರಿ ತಿಕ್ಕಿದರು. ಅಲ್ಲಾಸಾಬ ಕಟ್ಟೆಯ ಮೇಲಿಂದ "ಯಾರು?" ಎಂದು ಕೇಳಿದ. ಹೆಸರು ಹೇಳಿದಾಗ ತಲೆಯಾಡಿಸಿದ, ಅಷ್ಟೆ.

ಸುದ್ದಿ ಲಕ್ಷ್ಮೇಶ್ವರ ಮುಟ್ಟಲಿಲ್ಲ. ಹಾಸ್ಟೆಲ್ಲಿಗೆ ಗಾದಿ ಹೋದವು, ಶಿರಹಟ್ಟಿ, ಶಿಗ್ಲಿಯ ಕಡೆಯಿಂದಲೂ ಕೇಳಿಕೊಂಡು ಬಂದರು. ಮುಂಡರಗಿಯ ಸುತ್ತಲಿನವರು ಗಾದಿಗೆ ಬರಲಿಲ್ಲ, ಗಾಡಿಗೆ ಬಂದರು. ಅದಕ್ಕೂ ಗಂಡ ಹೆಂಡತಿ ಹೋಗತೊಡಗಿದರು.

ಒಂದು ದಿನ ಲಕ್ಷ್ಮೇಶ್ವರದಲ್ಲಿ ಎಲ್ಲ ಇಳಿಸಿ ತಿರುಗಿ ಬರುತ್ತಿದ್ದರು. ಮಾಗಡಿ ಕೆರೆಯ ಮೇಲೆ ಹಕ್ಕಿಗಳು ಸಾಲುಗಟ್ಟಿ ಇಳಿಯುತ್ತಿದ್ದವು. ತೊಟ್ಟಿ ಖಾಲಿ. ದಾರಿಯೂ ಖಾಲಿ. ನಯಾಜ ಪ್ರತಿ ಹಂಪ್ಸಿಗೂ ನಿಂತು ಗಾಲಿಯನ್ನು ಮೆಲ್ಲಗೆ ಇಳಿಸುತ್ತಿದ್ದ. ಶಾಹಿಸ್ತಾ ಸ್ವಲ್ಪ ಹೊತ್ತು ನೋಡಿದಳು.

"ಹೊತ್ತ ಮುಳಗಾಕತ್ತೇತಿ, ಜೋರ ಹೊಡೀರಿ. ಹಿಂದ ಯಾರೂ ಇಲ್ಲ."

"ಗೊತ್ತೈತಿ," ಅಂದ ನಯಾಜ.

ಮುಂದಿನ ಹಂಪ್ಸ್ ಬಂದಾಗ ಗೇರು ಇಳಿಸಿದ.